ಹೆಪ್ಪು ಹಾಕಿದ್ರೂ ಹೈಡ್ರೋಜನ್ ಏಳ್ತಿಲ್ವಾ? ತಪ್ಪು ಎಲ್ಲಿದೆ ಅಂತ ಹುಡುಕೋದು ಹೀಗೆ

ತ್ಯಾಜ್ಯದಲ್ಲಿರೋ ಸಕ್ಕರೆ, ಪಿಷ್ಟವನ್ನ ಬ್ಯಾಕ್ಟೀರಿಯಾಗೆ ತಿನ್ನಿಸಿ ಹೈಡ್ರೋಜನ್ ಗ್ಯಾಸ್ ತೆಗೆಯೋರಿಗೆ ಈ ಕೈಪಿಡಿ; ಗ್ಯಾಸ್ ಹೆಚ್ಚಲಿ ಅಂತ ಹೊರಗೆ ಬೆಳೆಸಿ ಸೇರಿಸೋ ಬ್ಯಾಕ್ಟೀರಿಯಾ, ಅಂದ್ರೆ ಕಲ್ಚರೇ, ಇಲ್ಲಿ ಹೆಪ್ಪು. ಮೊದಲು ರೋಗಲಕ್ಷಣ ಹೇಳ್ಬಿಡ್ತೀನಿ, ನಿಮ್ದೂ ಇದೇನಾ ನೋಡ್ಕೊಳ್ಳಿ. ಒಂದೂವರೆ ಲೀಟರ್ ದ್ರವ ಹಿಡಿಯೋ ರಿಯಾಕ್ಟರ್, ಒಳಗೆ ಸಗಣಿ ಗ್ಯಾಸ್ ಪ್ಲಾಂಟಿನ ಬಗ್ಗಡ ಕುದಿಸಿ ಹಾಕಿದ್ದು, ಅದಕ್ಕೆ ಊಟ ಅಂತ ಒಂದೇ ಸಮ ಪಂಪ್ ಆಗಿ ಹರಿಯೋ ಹಾಸ್ಟೆಲ್ ಮೆಸ್ಸಿನ ಗಂಜಿ ತಿಳಿ ಮತ್ತೆ ನೀರು ಬೆರೆಸಿದ ಕಾಕಂಬಿ, 37 ಡಿಗ್ರಿ ಶಾಖ, ಪಿಎಚ್ 5.5. ಗ್ಯಾಸ್ ಕಮ್ಮಿ ಬರ್ತಿತ್ತು ಅಂತ ಕ್ಲಾಸ್ಟ್ರಿಡಿಯಂ ಬ್ಯೂಟಿರಿಕಮ್ ಅನ್ನೋ ಹೈಡ್ರೋಜನ್ ಬಿಡೋ ಬ್ಯಾಕ್ಟೀರಿಯಾ ಬೆಳೆಸಿ ಸುರಿದ್ವಿ, ಮಾರನೇ ದಿನ ಗ್ಯಾಸ್ ಸರ್ರಂತ ಏರ್ತು, ಎಲ್ಲರೂ ಖುಷಿ, ಮೂರನೇ ದಿನಕ್ಕೆ ಮತ್ತೆ ಅಲ್ಲಿಗೇ ಬಂತು. ಮತ್ತೆ ಸುರಿದ್ವಿ, ಮತ್ತೆ ಏರ್ತು, ಮತ್ತೆ ಇಳೀತು. ಹಿಂಗೇ ಮೂರು ವಾರ. ನಾಲ್ಕನೇ ಸಲ ಸುರಿಯೋಕೆ ಹೊರಟಾಗ ಲ್ಯಾಬ್ ನೋಡ್ಕೊಳ್ಳೋ ಅಣ್ಣ ಕೇಳಿದ್ರು, "ಇದೇನು ದಿನಾ ಹೆಪ್ಪು ಹಾಕ್ತಾನೇ ಇರ್ತೀರಲ್ಲ, ಮೊಸರು ಆಗಿಲ್ಲ ಅಂದ್ರೆ ಹಾಲೇ ಸರಿ ಇಲ್ವೇನೋ ನೋಡ್ಬಾರ್ದಾ?" ಅಂತ. ಅವರು ತಮಾಷೆಗೆ ಹೇಳಿದ್ದು, ಆದ್ರೆ ಕಾರಣ ನಿಜವಾಗ್ಲೂ ಅಲ್ಲೇ ಇತ್ತು.

ಅದಕ್ಕೇ ಈ ಕೈಪಿಡೀಲಿ ಕಲ್ಚರ್ ಮೇಲೆ ಅನುಮಾನ ಪಡೋದನ್ನ ಕೊನೆಗೆ ಇಟ್ಟಿದ್ದೀನಿ. ಹೊರಗಿಂದ ತಂದು ಸೇರಿಸಿದ ಬ್ಯಾಕ್ಟೀರಿಯಾ ಸತ್ತಿರೋದು ತೀರಾ ಅಪರೂಪ ಅಂತಲ್ಲ, ಆದ್ರೆ ಎಲ್ಲರೂ ಮೊದಲು ಅಲ್ಲಿಗೇ ಕೈ ಹಾಕ್ತಾರೆ, ಹೊಸ ಆಂಪ್ಯೂಲ್ (ಕಲ್ಚರ್ ತುಂಬಿ ಸೀಲ್ ಮಾಡಿದ ಗಾಜಿನ ಕೊಳವೆ) ತರಿಸ್ತಾರೆ, ದುಡ್ಡು ಹೋಗುತ್ತೆ, ಗ್ಯಾಸ್ ಬರಲ್ಲ.

ಗ್ಯಾಸ್ ನಿಜವಾಗ್ಲೂ ಕಮ್ಮೀನಾ, ಅಳತೆ ತಪ್ಪಾ

ಲೆಕ್ಕದ ಮಿತಿ ಮೊದಲೇ ತಲೇಲಿರ್ಲಿ. ಒಂದು ಮೋಲ್ ಗ್ಲೂಕೋಸಿಂದ, ಪೂರ್ತಿ ಅಸಿಟಿಕ್ ಆಸಿಡ್ ದಾರೀಲಿ ಹೋದ್ರೂ, ಸಿಗೋದು ಹೆಚ್ಚಂದ್ರೆ 4 ಮೋಲ್ ಹೈಡ್ರೋಜನ್. ಬ್ಯೂಟಿರಿಕ್ ಆಸಿಡ್ ದಾರಿ ಹಿಡಿದ್ರೆ 2. ಮಾಮೂಲಿ ಮಿಶ್ರ ಕಲ್ಚರಲ್ಲಿ 1ರಿಂದ 2ರ ಆಸುಪಾಸು ಬಂದ್ರೆ ಬೇಜಾರು ಮಾಡ್ಕೋಬೇಡಿ, ಅದು ಫೇಲ್ ಅಲ್ಲ. ಐಐಟಿ ಖರಗ್‌ಪುರದವರು 2000ದಲ್ಲಿ ವರದಿ ಮಾಡಿದ ಎಂಟರೋಬ್ಯಾಕ್ಟರ್ ಕ್ಲೋಅಕೇ ಐಐಟಿ-ಬಿಟಿ 08 ಅನ್ನೋ ತಳಿ, ಒಂಟಿಯಾಗಿ, ಒಳ್ಳೇ ಗ್ಲೂಕೋಸ್ ಕೊಟ್ರೆ, 2.2 ಹತ್ರ ಕೊಟ್ಟಿತ್ತು. ಗಂಜಿ ತಿಳೀಲಿ ನೀವು 3 ಬಂತು ಅಂತ ಬರೆದ್ರೆ ಮೊದಲು ಕ್ಯಾಲ್ಕುಲೇಟರ್ ಮೇಲೆ ಅನುಮಾನ ಪಡಿ.

ಅನುಮಾನ ಪಡೋಕೆ ಕಾರಣಾನೂ ಇದೆ. ಬೆಂಗಳೂರು ಸಮುದ್ರಮಟ್ಟದಿಂದ ಸುಮಾರು 920 ಮೀಟರ್ ಮೇಲಿದೆ, ಗಾಳಿಯ ಒತ್ತಡ 0.9 ಅಟ್ಮಾಸ್ಫಿಯರ್ ಅಷ್ಟೇ. 25 ಡಿಗ್ರೀಲಿ ಒಂದು ಮೋಲ್ ಗ್ಯಾಸ್ ಇಲ್ಲಿ ಸುಮಾರು 27 ಲೀಟರ್ ಜಾಗ ತಗೊಳ್ಳುತ್ತೆ, ಪುಸ್ತಕದ 22.4 ಅಲ್ಲ. 22.4 ಹಾಕಿ ಭಾಗಿಸಿದ್ರೆ ನಿಮ್ಮ ಇಳುವರಿ ಕೂತಲ್ಲೇ 20 ಪರ್ಸೆಂಟ್ ಉಬ್ಬಿಬಿಡುತ್ತೆ. ಮಂಗಳೂರಲ್ಲಿ ಮಾಡಿದವರ ಅಂಕಿ ಜೊತೆ ನಮ್ಮ ಲೀಟರ್ ಅಂಕಿ ಹೋಲಿಸಿ ಒಂದು ದಿನ ಪೂರ್ತಿ ಜಗಳ ಆಡಿದ್ದೀವಿ, ಆಮೇಲೆ ಗೊತ್ತಾಗಿದ್ದು ಇಬ್ಬರದ್ದೂ ಒಂದೇ ಅಂತ.

ಕಮ್ಮಿ ತೋರ್ಸೋ ತಪ್ಪುಗಳು ಬೇರೆ. ಸಿಲಿಕೋನ್ ಟ್ಯೂಬ್ ಇದ್ರೆ ಕಿತ್ತಾಕಿ, ಹೈಡ್ರೋಜನ್ ಅದರ ಗೋಡೆಯಿಂದಲೇ ಹೊರಗೆ ಹೋಗುತ್ತೆ, ಆಕ್ಸಿಜನ್ ಒಳಗೆ ಬರುತ್ತೆ. ಬಿರಡೆಗೆ ಬ್ಯುಟೈಲ್ ರಬ್ಬರ್ ಬಳಸಿ, ಜಾಯಿಂಟಿಗೆಲ್ಲ ಸೋಪ್ ನೀರು ಬಳಿದು ನೊರೆ ಏಳುತ್ತಾ ನೋಡಿ. ಗ್ಯಾಸ್‌ಗಳನ್ನ ಬೇರ್ಪಡಿಸಿ ಅಳೆಯೋ ಜಿಸಿ (ಗ್ಯಾಸ್ ಕ್ರೊಮ್ಯಾಟೋಗ್ರಾಫ್) ಮಷೀನಲ್ಲಿ, ಶಾಖ ಹರಿಸೋ ಗುಣ ನೋಡೋ ಟಿಸಿಡಿ ಡಿಟೆಕ್ಟರ್ ಜೊತೆ ಹೀಲಿಯಂ ಹರೀತಿದ್ರೆ ಹೈಡ್ರೋಜನ್ ಪೀಕ್ ಸಣ್ಣಗೋ ತಲೆಕೆಳಗಾಗೋ ಬರುತ್ತೆ, ಯಾಕಂದ್ರೆ ಎರಡರ ಶಾಖ ಹರಿಸೋ ಗುಣ ಹತ್ರ ಹತ್ರ ಇದೆ. ಆರ್ಗಾನ್ ಅಥವಾ ನೈಟ್ರೋಜನ್ ಹಾಕಿ. ನೀರು ತಳ್ಳೋ ವಿಧಾನದಲ್ಲಿ ಅಳೀತಿದ್ರೆ ಬರೀ ನೀರು ಬೇಡ, ಕಾರ್ಬನ್ ಡೈಆಕ್ಸೈಡ್ ಕರಗಿಹೋಗುತ್ತೆ, ಆಸಿಡ್ ಹಾಕಿದ ಉಪ್ಪುನೀರು ಇಡಿ. ಜಿಸಿ ಇಲ್ದಿದ್ರೆ ಒಂದು ಸಿರಿಂಜ್ ಗ್ಯಾಸ್ ತಗೊಂಡು ಕಾಸ್ಟಿಕ್ ಸೋಡಾ ದ್ರಾವಣದ ಜೊತೆ ಕುಲುಕಿ: ಕಾರ್ಬನ್ ಡೈಆಕ್ಸೈಡ್ ಕರಗಿ ಉಳಿದಿದ್ದು ಹೈಡ್ರೋಜನ್ ಇರಬಹುದು, ಮೀಥೇನ್ ಇರಬಹುದು, ಸೋರಿ ಬಂದ ಗಾಳೀನೂ ಇರಬಹುದು, ಅದು ಈ ಪರೀಕ್ಷೇಲಿ ಗೊತ್ತಾಗಲ್ಲ. ಬೆಂಕಿಕಡ್ಡಿ ಗೀರಿ ನೋಡೋಣ ಅನ್ನೋ ವೀರರು ದಯವಿಟ್ಟು ಬೇಡ. ಗಾಳೀಲಿ 4ರಿಂದ 75 ಪರ್ಸೆಂಟ್ ಹೈಡ್ರೋಜನ್ ಇದ್ರೆ ಸಾಕು ಹೊತ್ಕೊಳ್ಳುತ್ತೆ, ಆ ಉರಿ ಹಗಲಲ್ಲಿ ಕಣ್ಣಿಗೂ ಸರಿಯಾಗಿ ಕಾಣಲ್ಲ.

ನಾಲ್ಕು ಬಾಟ್ಲಿ ಪರೀಕ್ಷೆ

ಅಳತೆ ಸರಿ ಇದೆ ಅಂತಾದ್ರೆ ಮುಂದಿನ ಕೆಲಸ ಇದು, ಬೇರೆ ಏನೂ ಮಾಡಕ್ಕೆ ಟೈಮ್ ಇಲ್ಲ ಅಂದ್ರೂ ಇದೊಂದು ಮಾಡಿ. 120 ಎಂಎಲ್ ಸೀರಂ ಬಾಟ್ಲಿ ನಾಲ್ಕು, ಆದ್ರೆ ಪ್ರತಿಯೊಂದೂ ಮೂರು ಮೂರು, ಒಟ್ಟು ಹನ್ನೆರಡು. ಎಲ್ಲದಕ್ಕೂ ರಿಯಾಕ್ಟರಿನ ಬಗ್ಗಡ ಮತ್ತೆ ಅದೇ ಊಟ ಸೇರಿ 60 ಎಂಎಲ್. ಮೊದಲನೇದಕ್ಕೆ ಏನೂ ಸೇರಿಸಬೇಡಿ, ಬರೀ 6 ಎಂಎಲ್ ನೀರು. ಎರಡನೇದಕ್ಕೆ ಬೆಳೆದ ಕಲ್ಚರ್ ಸಾರು (ಅದು ಬೆಳೆದ ಪೋಷಕ ದ್ರವ) ಸಮೇತ 6 ಎಂಎಲ್. ಮೂರನೇದಕ್ಕೆ ಅದೇ ಕಲ್ಚರನ್ನ ಆಟೋಕ್ಲೇವಲ್ಲಿ (ಒತ್ತಡದ ಹಬೆ ಪಾತ್ರೆ) ಸಾಯಿಸಿ 6 ಎಂಎಲ್. ನಾಲ್ಕನೇದಕ್ಕೆ ಸೆಂಟ್ರಿಫ್ಯೂಜಲ್ಲಿ ಕೂರಿಸಿ, ಮೇಲಿನ ಸಾರು ಚೆಲ್ಲಿ, ತೊಳೆದು, ಬರೀ ಜೀವ ಇರೋ ಕೋಶ ಮಾತ್ರ 6 ಎಂಎಲ್ ನೀರಲ್ಲಿ. ನೈಟ್ರೋಜನ್ ಊದಿ ಗಾಳಿ ಓಡಿಸಿ, ಸೀಲ್ ಮಾಡಿ, 37 ಡಿಗ್ರೀಲಿ ಅಲ್ಲಾಡಿಸ್ತಾ 48 ಗಂಟೆ.

ನಮಗೆ ಬಂದ ಹೈಡ್ರೋಜನ್ ಸರಾಸರಿ: ಮೊದಲನೇದರಲ್ಲಿ 38 ಎಂಎಲ್, ಸಾರು ಸಮೇತದ್ದು 71, ಸಾಯಿಸಿದ್ದು 66, ತೊಳೆದ ಕೋಶ 44. ಆ 66 ನೋಡಿದ ತಕ್ಷಣ ಕುರ್ಚಿ ಎಳ್ಕೊಂಡು ಕೂತ್ಬಿಟ್ಟೆ. ಸತ್ತ ಕಲ್ಚರ್ ಹಾಕಿದ್ರೂ ಗ್ಯಾಸ್ ಏರುತ್ತೆ ಅಂದ್ರೆ ಮೂರು ವಾರದಿಂದ ಕೆಲಸ ಮಾಡ್ತಿದ್ದಿದ್ದು ಬ್ಯಾಕ್ಟೀರಿಯಾ ಅಲ್ಲ, ಸಾರು!

ಸಾರಲ್ಲಿ ಏನಿದೆ ಅಂದ್ರೆ, ನಾವು ಬಳಸಿದ ರೀಇನ್‌ಫೋರ್ಸ್ಡ್ ಕ್ಲಾಸ್ಟ್ರಿಡಿಯಲ್ ಮೀಡಿಯಂ ಲೀಟರಿಗೆ 5 ಗ್ರಾಂ ಗ್ಲೂಕೋಸ್, 3 ಗ್ರಾಂ ಯೀಸ್ಟ್ ಎಕ್ಸ್‌ಟ್ರಾಕ್ಟ್, ಅದರ ಮೇಲೆ ಪೆಪ್ಟೋನ್ (ಒಡೆದ ಪ್ರೋಟೀನ್), ಬೀಫ್ ಎಕ್ಸ್‌ಟ್ರಾಕ್ಟ್ ಎಲ್ಲ ಇರೋ ಶ್ರೀಮಂತ ಊಟ. 6 ಎಂಎಲ್ ಸಾರಲ್ಲಿ ಗ್ಲೂಕೋಸ್ ಒಂಚೂರೂ ಖರ್ಚಾಗದೆ ಉಳಿದಿದೆ ಅಂತಲೇ ಇಟ್ಕೊಳ್ಳಿ, 30 ಮಿಲಿಗ್ರಾಂ, ಅದರಿಂದ ಮೋಲಿಗೆ 2ರಂತೆ ಲೆಕ್ಕ ಹಾಕಿದ್ರೂ ಹೈಡ್ರೋಜನ್ 9 ಎಂಎಲ್ ಆಗುತ್ತೆ ಅಷ್ಟೇ. ನಮಗೆ ಹೆಚ್ಚಾಗಿದ್ದು 28. ಮಿಕ್ಕಿದ್ದು ಎಲ್ಲಿಂದ? ಗಂಜಿ ತಿಳೀಲಿ ಪಿಷ್ಟ ಬಿಟ್ರೆ ಏನಿರುತ್ತೆ ಹೇಳಿ, ಕಾಕಂಬೀಲೂ ಸಕ್ಕರೆಯೇ ಜಾಸ್ತಿ, ಬ್ಯಾಕ್ಟೀರಿಯಾಗೆ ಮೈ ಕಟ್ಟೋಕೆ ಬೇಕಾದ ನೈಟ್ರೋಜನ್ನೇ ಇಲ್ಲ. ಸಾರಿನ ಪೆಪ್ಟೋನ್ ಅದನ್ನ ಒಂದು ದಿನದ ಮಟ್ಟಿಗೆ ಕೊಡ್ತಿತ್ತು, ಒಳಗಿದ್ದ ಹಳೇ ಬ್ಯಾಕ್ಟೀರಿಯಾಗಳೇ ಅದನ್ನ ತಿಂದು ಚುರುಕಾಗ್ತಿದ್ವು, ಅದು ತೊಳೆದುಹೋದ ಮೇಲೆ ಮತ್ತೆ ಉಪವಾಸ.

ಇದನ್ನ ಖಾತ್ರಿ ಮಾಡ್ಕೊಳ್ಳೋದು ಸುಲಭ: ಐದನೇ ಬಾಟ್ಲಿ ಇಟ್ಟು ಅಮೋನಿಯಂ ಕ್ಲೋರೈಡ್ ಚಿಟಿಕೆ, ಯೀಸ್ಟ್ ಎಕ್ಸ್‌ಟ್ರಾಕ್ಟ್ ಚಿಟಿಕೆ, ಜೊತೆಗೆ ಫೆರಸ್ ಸಲ್ಫೇಟ್ ಲವಲೇಶ. ಕಬ್ಬಿಣ ಯಾಕಂದ್ರೆ ಹೈಡ್ರೋಜನ್ ಮಾಡೋ ಹೈಡ್ರೋಜಿನೇಸ್ ಕಿಣ್ವದ ಹೊಟ್ಟೇಲಿ ಕಬ್ಬಿಣ ಇರುತ್ತೆ. ಸಲ್ಫೇಟ್ ಕೈಬಿಟ್ಟು ಸುರೀಬೇಡಿ, ಕೊಳೆತ ಮೊಟ್ಟೆ ನಾತ ಬರೋಕೆ ಶುರುವಾದ್ರೆ ಸಲ್ಫೇಟ್ ತಿನ್ನೋ ಬ್ಯಾಕ್ಟೀರಿಯಾ ನಿಮ್ಮ ಹೈಡ್ರೋಜನ್ನಿಗೇ ಕೈ ಹಾಕಿದೆ ಅಂತ ಅರ್ಥ. ಕಾಕಂಬೀಲಿ ಸಲ್ಫೇಟ್ ಮೊದಲೇ ಇರುತ್ತೆ ಅನ್ನೋದೂ ನೆನಪಿರ್ಲಿ.

ಬೇರೆ ಉತ್ತರ ಬಂದ್ರೆ ಹೀಗೆ ಓದ್ಕೊಳ್ಳಿ. ಸಾಯಿಸಿದ್ದು ಮೊದಲನೇದರಷ್ಟೇ ಇದ್ದು ತೊಳೆದ ಕೋಶ ಚೆನ್ನಾಗಿ ಏರಿಸಿದ್ರೆ ನಿಮ್ಮ ಕಲ್ಚರ್ ಒಳ್ಳೇದು, ಬಾಟ್ಲೀಲಿ ಬಾಳುತ್ತೆ ರಿಯಾಕ್ಟರಲ್ಲಿ ಬಾಳ್ತಿಲ್ಲ, ಅಂದ್ರೆ ಕೊಚ್ಚಿ ಹೋಗ್ತಿದೆ ಅಥವಾ ಊಟದ ಜೊತೆ ಬರೋ ಯಾರೋ ಅದನ್ನ ತುಳೀತಿದ್ದಾರೆ. ನಾಲ್ಕೂ ಒಂದೇ ಥರ ಇದ್ರೆ ಪಿಎಚ್ ನೋಡಿ. ಕಲ್ಚರ್ ಹಾಕಿದ್ದರಲ್ಲೇ ಕಮ್ಮಿ ಆಯ್ತಾ, ಆಗ ನೀವು ತಂದಿರೋದು ಕ್ಲಾಸ್ಟ್ರಿಡಿಯಂ ಹೌದೋ ಅಲ್ವೋ ಅಂತ ಮೈಕ್ರೋಸ್ಕೋಪಲ್ಲಿ ನೋಡೋ ಟೈಮ್.

ಹುಟ್ಟಿದ ಹೈಡ್ರೋಜನ್ನ ತಿನ್ನೋರು

ಕೆಲವು ಸಲ ಹೈಡ್ರೋಜನ್ ಹುಟ್ತಿರುತ್ತೆ, ಹೊರಗೆ ಬರೋ ಮುಂಚೆ ಯಾರೋ ತಿಂದಿರ್ತಾರೆ. ಮೀಥೇನ್ ಕಂಡ್ರೆ ಕಳ್ಳ ಸಿಕ್ಕಿದ ಹಾಗೇ: ಮೀಥನೋಜೆನ್‌ಗಳು ನಾಲ್ಕು ಹೈಡ್ರೋಜನ್ ತಗೊಂಡು ಒಂದು ಮೀಥೇನ್ ಮಾಡ್ತವೆ. ಬಗ್ಗಡ ಸರಿಯಾಗಿ ಕುದಿಸಿಲ್ಲ, ಅಥವಾ ಪಿಎಚ್ 6.5 ದಾಟ್ತಿದೆ. ನಾವು ಮೊದಲ ಸಲ ಬಗ್ಗಡ ಸೋಸದೆ 100 ಡಿಗ್ರೀಲಿ ಅರ್ಧ ಗಂಟೆ ಇಟ್ಟಿದ್ವಿ, ಹೊರಗೆ ಕುದೀತಿತ್ತು, ಸಗಣಿ ಗಂಟಿನ ನಡುಮಧ್ಯ ಬೆಚ್ಚಗಷ್ಟೇ ಇತ್ತು, ಮೀಥನೋಜೆನ್‌ಗಳು ಅದರೊಳಗೆ ಆರಾಮಾಗಿ ಕೂತಿದ್ವು. ಸೋಸಿ, ಕೈಯಾಡಿಸ್ತಾ ಕುದಿಸಿ. ಕ್ಲಾಸ್ಟ್ರಿಡಿಯಂ ಬೀಜಕ (ಶಾಖ ತಡ್ಕೊಳ್ಳೋ ಗಟ್ಟಿ ಕವಚದ ನಿದ್ದೆಯ ರೂಪ) ಕಟ್ಕೊಂಡು ಬದುಕುತ್ತೆ, ಮೀಥನೋಜೆನ್ ಬೀಜಕ ಕಟ್ಟಲ್ಲ, ಕುದಿಸೋದರ ಮರ್ಮ ಇಷ್ಟೇ.

ಕಷ್ಟ ಇರೋದು ಹೋಮೋಅಸಿಟೋಜೆನ್‌ಗಳ ಹತ್ರ. ಅವು ನಾಲ್ಕು ಹೈಡ್ರೋಜನ್, ಎರಡು ಕಾರ್ಬನ್ ಡೈಆಕ್ಸೈಡ್ ನುಂಗಿ ಒಂದು ಅಸಿಟಿಕ್ ಆಸಿಡ್ ಮಾಡ್ತವೆ, ಗ್ಯಾಸ್ ರಿಪೋರ್ಟಲ್ಲಿ ಯಾವ ಗುರುತೂ ಬಿಡಲ್ಲ, ಕೆಲವಕ್ಕೆ ಬೀಜಕಾನೂ ಇದೆ ಅದರಿಂದ ಕುದಿಸಿದ್ರೂ ಜಗ್ಗಲ್ಲ. ಇವನ್ನ ಹಿಡಿಯೋಕೆ ದ್ರವದಲ್ಲಿರೋ ಆಸಿಡ್‌ಗಳನ್ನ ಬೇರ್ಪಡಿಸಿ ಅಳೆಯೋ ಎಚ್‌ಪಿಎಲ್‌ಸಿ ಮಷೀನಿನ ರಿಪೋರ್ಟ್ ಬೇಕು. ಬರಬೇಕಾದ ಹೈಡ್ರೋಜನ್ = ಅಸಿಟಿಕ್ ಎರಡರಷ್ಟು + ಬ್ಯೂಟಿರಿಕ್ ಎರಡರಷ್ಟು − ಪ್ರೊಪಿಯಾನಿಕ್, ಎಲ್ಲ ಮೋಲಲ್ಲಿ. ಉದಾಹರಣೆಗೆ ಅಸಿಟಿಕ್ 30 ಮಿಲಿಮೋಲ್, ಬ್ಯೂಟಿರಿಕ್ 25, ಪ್ರೊಪಿಯಾನಿಕ್ 5 ಇದ್ರೆ 60 + 50 − 5, ಅಂದ್ರೆ 105 ಬರಬೇಕಿತ್ತು. ಬಂದಿದ್ದು 62 ಅಂದ್ರೆ 43 ಕಾಣೆ. ಇದನ್ನ ನಾಲ್ಕರಿಂದ ಭಾಗಿಸಬೇಡಿ, ಎಲ್ಲರೂ ಇಲ್ಲೇ ಎಡವೋದು, ಆರರಿಂದ ಭಾಗಿಸಿ: ಕಳ್ಳತನದ ಒಂದೊಂದು ಅಸಿಟಿಕ್ ನಾಲ್ಕು ಹೈಡ್ರೋಜನ್ ತಿಂದಿದ್ದೂ ಅಲ್ಲದೆ, ನಾವು ಅದನ್ನ ಒಳ್ಳೇದು ಅಂದ್ಕೊಂಡು ಇನ್ನೆರಡು ಜಮಾ ಮಾಡಿರ್ತೀವಲ್ಲ. 30ರಲ್ಲಿ ಸುಮಾರು 7 ಮಿಲಿಮೋಲ್ ಅಸಿಟಿಕ್ ಆ ದಾರೀಲಿ ಬಂದಿದ್ದು ಅಂತಾಯ್ತು, ಸೋರಿಕೆ ಇಲ್ಲ ಅಂತ ಮೊದಲೇ ನೋಡ್ಕೊಂಡಿದ್ರೆ ಮಾತ್ರ. ಮದ್ದು ಏನಂದ್ರೆ ಜೋರಾಗಿ ಕಲಕೋದು, ನೈಟ್ರೋಜನ್ ಊದೋದು, ದ್ರವದೊಳಗೆ ಹೈಡ್ರೋಜನ್ ಕೂಡಿಹಾಕ್ಕೊಂಡು ಕೂರದ ಹಾಗೆ ನೋಡ್ಕೊಳ್ಳೋದು. ಇನ್ನಷ್ಟು ಕ್ಲಾಸ್ಟ್ರಿಡಿಯಂ ಸುರಿದ್ರೆ ಇವಕ್ಕೆ ಇನ್ನಷ್ಟು ಊಟ, ಅಷ್ಟೇ.

ಊಟದ ಕ್ಯಾನ್ ಮೂಸಿ ನೋಡಿ

ಇದನ್ನ ಬರೆಯೋಕೆ ನಾಚಿಕೆ ಆಗುತ್ತೆ. ನಮ್ಮ ಗಂಜಿ ತಿಳಿ ಕ್ಯಾನ್ ಮೇಜಿನ ಕೆಳಗೆ ಇತ್ತು, ಬೆಳಗ್ಗೆ ತಂದಿದ್ದು ಮಾರನೇ ಬೆಳಗ್ಗೆವರೆಗೂ ಹಾಗೇ. ಏಪ್ರಿಲ್ ತಿಂಗಳು. ಮುಚ್ಚಳ ತೆಗೆದ್ರೆ ಹುಳಿ ಬಂದ ದೋಸೆ ಹಿಟ್ಟಿನ ವಾಸನೆ ಗಮ್ಮಂತ ಹೊಡೀತಿತ್ತು, ಪಿಎಚ್ 4ಕ್ಕೆ ಇಳಿದಿತ್ತು. ಲ್ಯಾಕ್ಟಿಕ್ ಆಸಿಡ್ ಬ್ಯಾಕ್ಟೀರಿಯಾ ಅಲ್ಲೇ ಸಂಸಾರ ಹೂಡಿತ್ತು, ನಾವೇ ಗಂಟೆಗೆ 125 ಎಂಎಲ್‌ನಂತೆ ಅದನ್ನ ರಿಯಾಕ್ಟರಿಗೆ ಪಂಪ್ ಮಾಡ್ತಿದ್ವಿ. ಸಕ್ಕರೆ ಲ್ಯಾಕ್ಟಿಕ್ ಆಸಿಡ್ ಆದ್ರೆ ಹೈಡ್ರೋಜನ್ ಸೊನ್ನೆ. ಕೆಲವು ಕ್ಲಾಸ್ಟ್ರಿಡಿಯಂಗಳು ಲ್ಯಾಕ್ಟಿಕ್ ಮತ್ತು ಅಸಿಟಿಕ್ ಸೇರಿಸಿ ಬ್ಯೂಟಿರಿಕ್ ಮಾಡಿ ಸ್ವಲ್ಪ ಹೈಡ್ರೋಜನ್ ವಾಪಸ್ ಕೊಡ್ತವೆ ನಿಜ, ಆದ್ರೆ ಲ್ಯಾಕ್ಟಿಕ್ ಬ್ಯಾಕ್ಟೀರಿಯಾಗಳು ಬ್ಯಾಕ್ಟೀರಿಯೋಸಿನ್ ಅನ್ನೋ ವಿಷ ಬಿಟ್ಟು ಹೊಸಬರನ್ನ ಹೊಡೆದೂ ಹಾಕ್ತವೆ, ಆ ಆಸೆ ಇಟ್ಕೊಂಡು ಕೂರಬೇಡಿ.

ವಾಸನೆ ನಂಬಿ. ಒಳ್ಳೇ ರಿಯಾಕ್ಟರ್ ಕೆಟ್ಟ ಬೆಣ್ಣೆ ಥರ ಕಮಟು ನಾರುತ್ತೆ, ಅದು ಬ್ಯೂಟಿರಿಕ್. ಹುಳಿ ಮಜ್ಜಿಗೆ ಥರ ಇದ್ರೆ ಊಟ ಕುದಿಸಿ, ಐಸ್ ಬಾಕ್ಸಲ್ಲಿಡಿ, ಮತ್ತೆ ಆ ಪಂಪಿನ ಟ್ಯೂಬ್ ಬದಲಿಸಿ, ಅದರ ಒಳಗೋಡೇಲಿ ಲೋಳೆ ಕಟ್ಟಿರುತ್ತೆ, ಕ್ಯಾನ್ ಮಾತ್ರ ತೊಳೆದ್ರೆ ಎರಡೇ ದಿನದಲ್ಲಿ ಮತ್ತೆ ಶುರು. ಮಜ್ಜಿಗೆ ನೀರು, ಡೈರಿ ತ್ಯಾಜ್ಯ ಬಳಸೋರಿಗೆ ಈ ಕಾಟ ನಮಗಿಂತ ಜಾಸ್ತಿ ಇರುತ್ತೆ.

ಪಿಎಚ್ ಬಗ್ಗೆ ಬೇಗ ಮುಗಿಸ್ತೀನಿ. ಅಸಿಟಿಕ್, ಬ್ಯೂಟಿರಿಕ್ ಎರಡರ ಪಿಕೆಎ (ಆಸಿಡ್ ಅರ್ಧಕ್ಕರ್ಧ ಚಾರ್ಜ್ ಪಡೆಯೋ ಪಿಎಚ್) 4.8ರ ಹತ್ರ, ಪಿಎಚ್ ಅಲ್ಲಿಗೆ ಇಳಿದ್ರೆ ಅರ್ಧ ಆಸಿಡ್ ಚಾರ್ಜ್ ಇಲ್ಲದೆ ಕೋಶದೊಳಗೆ ನುಗ್ಗುತ್ತೆ, ಬ್ಯಾಕ್ಟೀರಿಯಾ ಕೆಲಸ ನಿಲ್ಲಿಸುತ್ತೆ. 5.5 ತೋರಿಸ್ತಿದೆ ಅಂತ ನಂಬ್ಕೊಂಡು ಕೂರಬೇಡಿ, ಪ್ರೋಬ್ ತೆಗೆದು ಲೋಳೆ ಒರೆಸಿ 4 ಮತ್ತು 7ರ ಬಫರಲ್ಲಿ ಕ್ಯಾಲಿಬ್ರೇಟ್ ಮಾಡಿ. ಅಡುಗೆ ಸೋಡಾದಲ್ಲಿ ಪಿಎಚ್ ಹಿಡೀತಿದ್ರೆ ಅದೂ ಕಾರ್ಬನ್ ಡೈಆಕ್ಸೈಡ್ ಬಿಡುತ್ತೆ, ಒಟ್ಟು ಗ್ಯಾಸ್ ನೋಡಿ ಹಿಗ್ಗಬೇಡಿ.

ಈಗ ಕಲ್ಚರ್ ಕಡೆ

ಸೂಕ್ಷ್ಮಜೀವಿ ತಳಿ ಕಾಪಾಡಿ ಕೊಡೋ ಚಂಡೀಗಢದ ಎಂಟಿಸಿಸಿ ಅಥವಾ ಪುಣೆಯ ಎನ್‌ಸಿಐಎಂನಿಂದ ಆಂಪ್ಯೂಲ್ ತರಿಸಿದ್ರೆ ಒಡೆದ ದಿನವೇ ರಿಯಾಕ್ಟರಿಗೆ ಹಾಕಬೇಡಿ, ಎರಡು ಮೂರು ಸಲ ಬೆಳೆಸಿ ಚುರುಕು ಮಾಡಿ. ಬೀಜಕ ಇದ್ರೆ 80 ಡಿಗ್ರೀಲಿ ಹತ್ತು ನಿಮಿಷ ಇಟ್ರೆ ಎಚ್ಚರ ಆಗ್ತವೆ. ಹಂಗಂತ ಇಪ್ಪತ್ತು ಸಲ ಮರುಬೆಳೆಸ್ತಾ ಹೋದ್ರೆ ಕ್ಲಾಸ್ಟ್ರಿಡಿಯಂ ತಳಿ ಸೊರಗುತ್ತೆ, ಮೊದಲ ಪೀಳಿಗೇದನ್ನ ಬೀಜಕ ಮಾಡಿ ಎತ್ತಿಡಿ. ಸಾರಲ್ಲಿ ಆಕ್ಸಿಜನ್ ಪತ್ತೆಗೆ ಹಾಕೋ ರೆಸಝುರಿನ್ ಡೈಯ ಗುಲಾಬಿ ಬಣ್ಣ ಇದೆ ಅಂದ್ರೆ ಆಕ್ಸಿಜನ್ ಇದೆ, ಬಣ್ಣ ಹೋಗೋವರೆಗೂ ಕಾಯಿರಿ. ಗಾಳಿ ಕಾಟ ತಪ್ಪಿಸೋಕೇ ಆಗ್ತಿಲ್ಲ ಅಂದ್ರೆ ಎಂಟರೋಬ್ಯಾಕ್ಟರ್ ಜೊತೆ ಸೇರಿಸಿ ಹಾಕೋ ಹಳೇ ಉಪಾಯ ಇದೆ, ಅದು ಆಕ್ಸಿಜನ್ ತಿಂದು ಕ್ಲಾಸ್ಟ್ರಿಡಿಯಂಗೆ ದಾರಿ ಮಾಡ್ಕೊಡುತ್ತೆ. ಎಂಟರೋಬ್ಯಾಕ್ಟರ್ ಕೆಲವರಿಗೆ ಸೋಂಕು ತರೋ ಜಾತಿ, ಗ್ಲೌಸ್ ಹಾಕಿ, ತ್ಯಾಜ್ಯ ಆಟೋಕ್ಲೇವ್ ಮಾಡದೆ ಸಿಂಕಿಗೆ ಸುರೀಬೇಡಿ.

ಯಾವ ತಳಿ ತರಬೇಕು ಅಂತ ಕೇಳಿದ್ರೆ ನನ್ನ ಒಲವು ಅದೇ ತ್ಯಾಜ್ಯದಲ್ಲಿ ಬಾಳಿ ಅಭ್ಯಾಸ ಇರೋದರ ಕಡೆ. ಖರಗ್‌ಪುರದವರೇ ಚರಂಡಿ ಬಗ್ಗಡದಿಂದ ಹೈಡ್ರೋಜನ್ ತೆಗೆಯೋಕೆ ಮೂರು ತಳಿ ಕೂಡಿಸಿದಾಗ ಅದರಲ್ಲೊಂದು, ಬ್ಯಾಸಿಲಸ್ ಕೋಆಗ್ಯುಲಾನ್ಸ್, ಚರಂಡಿ ಬಗ್ಗಡದಿಂದಲೇ ಬೇರ್ಪಡಿಸಿದ್ದಾಗಿತ್ತು. ಹೈದರಾಬಾದಿನ ರಸಾಯನ ತಂತ್ರಜ್ಞಾನ ಸಂಸ್ಥೆ ಐಐಸಿಟಿಯವರು 2007ರಲ್ಲಿ ಕೆಮಿಕಲ್ ಫ್ಯಾಕ್ಟರಿ ನೀರಿಗೆ ಸೇರಿಸಿದ್ದು ಕನಮೈಸಿನ್ ಅನ್ನೋ ಆಂಟಿಬಯೋಟಿಕ್ ತಡ್ಕೊಳ್ಳೋ ಹಾಗೆ ಆರಿಸಿ ಬೆಳೆಸಿದ ಮಿಶ್ರ ಕಲ್ಚರ್, ಒಂಟಿ ತಳಿ ಅಲ್ಲ.

ಆಮೇಲೆ ಕೊಚ್ಚಿ ಹೋಗೋ ಲೆಕ್ಕ. ನಮ್ಮ ರಿಯಾಕ್ಟರಲ್ಲಿ ಊಟ ನಿಲ್ಲೋದು ಸರಾಸರಿ 12 ಗಂಟೆ. ಹೊಸದಾಗಿ ಹಾಕಿದ್ದು ಬೆಳೆಯದೆ ಸುಮ್ನೆ ಕೂತ್ರೆ 24 ಗಂಟೇಲಿ 13.5 ಪರ್ಸೆಂಟ್ ಉಳಿಯುತ್ತೆ, 36 ಗಂಟೇಲಿ 5. ಅದಕ್ಕೇ ಸೇರಿಸಿದ ದಿನ ಪಂಪ್ ನಿಲ್ಲಿಸಿ, ಒಂದು ದಿನ ಹಾಗೇ ಬಿಡಿ, ಆಮೇಲೆ ನಿಧಾನಕ್ಕೆ ಹರಿವು ಏರಿಸಿ. ಒಳಗೆ ಸ್ಪಂಜಿನ ತುಂಡೋ ತೆಂಗಿನ ನಾರೋ ಹಾಕಿದ್ರೆ ಅಂಟ್ಕೊಂಡು ಕೂರೋಕೆ ಜಾಗಾನೂ ಸಿಗುತ್ತೆ.

ನಾವು ಕೊನೆಗೆ ಮಾಡಿದ್ದು ಇಷ್ಟು: ಗಂಜಿ ಕುದಿಸಿ ಐಸಲ್ಲಿಟ್ವಿ, ಟ್ಯೂಬ್ ಬದಲಿಸಿದ್ವಿ, ಅಮೋನಿಯಂ ಕ್ಲೋರೈಡ್ ಹಾಕಿದ್ವಿ. ಕಲ್ಚರ್ ಹಾಕಲೇ ಇಲ್ಲ, ಐದು ದಿನ ಸುಮ್ನೆ ನೋಡಿದ್ವಿ, ಗ್ಯಾಸ್ ಹಳೇದರ ಎರಡರಷ್ಟಕ್ಕೆ ಬಂದು ನಿಂತ್ಕೊಳ್ತು. ಆಮೇಲೆ ತೊಳೆದ ಕೋಶ ಒಂದೇ ಸಲ ಹಾಕಿ ಪಂಪ್ ಒಂದು ದಿನ ನಿಲ್ಲಿಸಿದ್ವಿ. ಅದರ ಮೇಲೆ ಇನ್ನೊಂದಿಷ್ಟು ಏರಿ, ಹನ್ನೊಂದು ದಿನ ಅಲ್ಲಾಡ್ಲಿಲ್ಲ. ಹನ್ನೆರಡನೇ ದಿನ ರಾತ್ರಿ ಕರೆಂಟ್ ಹೋಗಿ ಬಂದಾಗ ಪಿಎಚ್ ಪಂಪ್ ಆನ್ ಆಗ್ಲಿಲ್ಲ, ಬೆಳಗ್ಗೆ ನೋಡಿದ್ರೆ 4.3. ಸೋಡಾ ಹಾಕಿ 5.5ಕ್ಕೆ ತಂದ್ವಿ, ಎರಡು ದಿನದಲ್ಲಿ ಹೊಸ ಕಲ್ಚರ್ ಇಲ್ದೇನೇ ಸುಧಾರಿಸ್ಕೊಳ್ತು. ಎತ್ತಿಟ್ಟ ಬೀಜಕದ ವಯಲ್ ಇನ್ನೂ ಫ್ರಿಜ್ಜಲ್ಲೇ ಇದೆ, ಪಂಪಿಗೆ ಯುಪಿಎಸ್ ಹಾಕಿಸಿದ್ದೀವಿ.